ಗದ್ದೆಯ ಕತ್ತಿ ಹೊಕ್ಕುಳಿಗೆ ಬೇಡ

ಹುಟ್ಟುವಾಗ ಗಟ್ಟಿಯಾಗಿ ಅತ್ತ ಕೂಸು ವಾರ ತುಂಬುವುದರೊಳಗೆ ಮೊಲೆ ಬಿಡುತ್ತದೆ. ದವಡೆ ಬಿಗಿಯುತ್ತದೆ, ಮೈ ಬಿಲ್ಲಿನಂತೆ ಬಾಗುತ್ತದೆ. ನಮ್ಮ ಕಡೆ ಇದನ್ನು ಬಾಲಗ್ರಹ ಎನ್ನುತ್ತಾರೆ, ಮಂತ್ರಿಸಿದ ನೂಲು ಕಟ್ಟಿಸುತ್ತಾರೆ, ಆಮೇಲೆ ಅಳುತ್ತಾರೆ. ಅಪ್ಸರಕೊಂಡದ ಕೆಳಗಿನ ಕೇರಿಯಲ್ಲಿ ಮಂಜಿಯ ಮಗಳು ಗಂಗೆ ತನ್ನ ಚೊಚ್ಚಲ ಕೂಸನ್ನು ಹೀಗೇ ಕಳೆದುಕೊಂಡಿದ್ದಳು. ಈಗ ಎರಡನೆಯ ಹೆರಿಗೆಗೂ ತವರಿಗೆ ಬಂದಿದ್ದಳು. ಇದೂ ಕೈತಪ್ಪಿದರೆ ಮಗಳು ಮತ್ತೆ ಮನುಷ್ಯಳಾಗಲಾರಳು ಎಂಬ ಹೆದರಿಕೆಯಲ್ಲಿ ಮಂಜಿ ಸರಿಯಾಗಿ ಉಣ್ಣುತ್ತಲೂ ಇರಲಿಲ್ಲ.

ಬೆಳಿಗ್ಗೆ ನೋವು ಶುರುವಾಯಿತು. ಮಂಜಿ ಚೊಚ್ಚಲ ಹೆರಿಗೆಯನ್ನೂ ಮಾಡಿಸಿದ್ದ ಸೂಲಗಿತ್ತಿ ಸುಬ್ಬಿಗೂ ಹೇಳಿಕಳಿಸಿದಳು, ಗಂಡ ಸುಕ್ರನನ್ನು ನರ್ಸಬಾಯಿ ವನಮಾಲಾ ಅವರ ಹತ್ತಿರವೂ ಓಡಿಸಿದಳು. ಇಬ್ಬರೂ ಬಂದರು. ಒಬ್ಬರನ್ನೊಬ್ಬರು ಕಂಡು ಮುಖ ಗಂಟಿಕ್ಕಿದರು.

"ಎಂತದೇ ಮಂಜಿ, ನನ್ನ ಕೈ ಮೇಲೆ ನಂಬಿಗೆ ಹೋತಾ?" ಎಂದಳು ಸುಬ್ಬಿ. "ಈ ಗಂಗೆನೂ ನನ್ನ ಕೈಲೇ ಹುಟ್ಟಿದ್ದು, ನೆನಪದ್ಯಾ?"

"ನಂಬಿಗೆ ಹೋದ್ರೆ ನಿನ್ನ ಕರೀತಿದ್ನಾ ಸುಬ್ಬಕ್ಕ? ಒಳಗೆ ಬಾ."

ವನಮಾಲಾ ಬ್ಲೇಡು, ದಾರ ಹಾಕಿದ ಪಾತ್ರೆಯನ್ನು ಒಲೆಯ ಮೇಲಿಡಿಸಿದರು. ಗಂಗೆಯನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿದರು. ಸೂರ್ಯ ನೆತ್ತಿಗೆ ಬಂದ. ಕೂಸು ಇಳಿಯಲಿಲ್ಲ, ನೋವೂ ಸಡಿಲವಾಯಿತು.

"ಎಬ್ಬಿಸಿ ಅದ್ನ!" ಸುಬ್ಬಿ ಗುಡುಗಿದಳು. "ಹೆರೋಳು ಹೀಂಗೆ ಬಿದ್ಕಂಡ್ರೆ ಕೂಸು ಗುಡ್ಡ ಹತ್ತಿ ಬರೂದಾ?"

"ನಮಗೆ ಕಲಿಸಿದ್ದು ಹೀಗೇ."

"ಕಲ್ಸಿದವ್ರು ಗಂಡಸ್ರಾ, ಹೆಂಗಸ್ರಾ?"

ಆ ನೋವಿನಲ್ಲೂ ಗಂಗೆಗೆ ನಗು ಬಂತು. ವನಮಾಲಾ ನಗಲಿಲ್ಲ. ಕೂಸಿನ ಎದೆಬಡಿತ ಕೇಳುವ ಕೊಳವೆಯನ್ನು ಗಂಗೆಯ ಹೊಟ್ಟೆಗೆ ಒತ್ತಿ, ಕಿವಿಗೊಟ್ಟು ಬಹಳ ಹೊತ್ತು ಆಲಿಸಿದರು. ಮಂಜಿ ಅವರ ಮುಖವನ್ನೇ ನೋಡಿದಳು.

"ಕೂಸಿನ ಎದೆಬಡಿತ ಸರಿ ಇದೆ. ಆಯ್ತು, ಎದ್ದು ನಿಲ್ಲಲಿ. ಬಡಿತ ತಗ್ಗಿದರೆ ಮಾತ್ರ ಹೊಳೆ ದಾಟಿ ಹೊನ್ನಾವರದ ಆಸ್ಪತ್ರೆಗೆ ಹೊರಡಲೇಬೇಕು. ಸುಕ್ರ, ದೋಣಿಯವರಿಗೆ ಹೇಳಿಡಿ."

ಗಂಗೆ ತೊಲೆಗೆ ಕಟ್ಟಿದ ಹಗ್ಗ ಹಿಡಿದು ನಿಂತಳು. ಸುಬ್ಬಿ ಅವಳ ಸೊಂಟ ನೀವಿದಳು, ಮೆಲ್ಲಗೆ ಹೆಜ್ಜೆ ಹಾಕಿಸಿದಳು. ನೋವು ಮತ್ತೆ ಏರಿತು. ವನಮಾಲಾ ಮತ್ತೆ ಮತ್ತೆ ಕೊಳವೆ ಇಟ್ಟು ಕೇಳಿದರು.

"ಬಂತು, ಹತ್ತಿರ ಬಂತು! ಮಂಜಿ, ಕತ್ತಿ ತಾ," ಎಂದಳು ಸುಬ್ಬಿ.

ಭತ್ತ ಕೊಯ್ದ ಕತ್ತಿಯಲ್ಲೇ ಹೊಕ್ಕುಳಬಳ್ಳಿ ಕೊಯ್ದರೆ ಕೂಸಿಗೆ ಜನ್ಮದಲ್ಲಿ ಅನ್ನದ ಕೊರತೆಯಿಲ್ಲ ಎಂಬುದು ಆ ಮನೆಯ ನಂಬಿಕೆ. ಮಂಜಿ ಕೊಟ್ಟಿಗೆಯ ಗೋಡೆಯಿಂದ ಕತ್ತಿ ತಂದಳು. ವನಮಾಲಾ ಅಡ್ಡ ನಿಂತರು.

"ಅದು ಬೇಡ. ಮಣ್ಣು, ಸಗಣಿ ತಾಗಿದ ಕಬ್ಬಿಣ. ಅದರಲ್ಲಿರುವ ಕಣ್ಣಿಗೆ ಕಾಣದ ಜಂತು ಹೊಕ್ಕುಳಿನಿಂದ ಒಳಗೆ ಹೋಗಿ ಧನುರ್ವಾಯು ತರುತ್ತದೆ. ನೀವು ಬಾಲಗ್ರಹ ಅನ್ನುವುದು ಅದನ್ನೇ."

ಸುಬ್ಬಿಯ ಮುಖ ಕಪ್ಪಿಟ್ಟಿತು. "ಹಾಂಗಾರೆ ಆ ಕೂಸ್ನ ನಾನೇ ಕೊಂದೆ ಅಂತ್ಯಾ? ನಾ ಹೊಂಟೆ."

"ಅಜ್ಜೀ, ಹೋಗ್ಬೇಡ!" ಗಂಗೆ ಅವಳ ಸೆರಗು ಹಿಡಿದು ಕಿರುಚಿದಳು.

"ಕೊಂದದ್ದು ಆ ಜಂತು, ನಿಮ್ಮ ಕೈಯಲ್ಲ," ಎಂದರು ವನಮಾಲಾ. ಸುಬ್ಬಿ ಸೆರಗು ಬಿಡಿಸಿಕೊಳ್ಳತೊಡಗಿದಳು.

ಮಂಜಿ ಕೈಯಲ್ಲಿದ್ದ ಕತ್ತಿಯನ್ನು ನೋಡಿದಳು. ಹಿಡಿಯ ಸಂದಿನಲ್ಲಿ ಸಗಣಿ ಒಣಗಿತ್ತು.

"ಸುಬ್ಬಕ್ಕ, ಗದ್ದೆ ಭತ್ತನ ಹಾಂಗೇ ತಿಂತೇವಾ ನಾವು? ಹಂಡೆಲಿ ಬೇಯ್ಸಿ, ಒಣಗ್ಸಿ, ಕುಟ್ಟಿದ ಮೇಲೇ ಕುಚ್ಚಲಕ್ಕಿ ಆಗೂದು. ಬೇಯ್ಸಿದ್ರೆ ಅನ್ನದ ಋಣ ಹೋಗೂದಾದ್ರೆ ಈ ಕೇರೀಲಿ ಯಾರಿಗೂ ಅನ್ನ ಇರ್ತಿರ್ಲಿಲ್ಲ. ಕತ್ತಿ ಬಾಗಿಲ ಮೇಲೆ ಕಾವಲಿಗೆ ಇರ್ಲಿ. ಹೊಕ್ಕುಳಿಗೆ ಆ ಬೇಯ್ಸಿದ ಬ್ಲೇಡೇ ಆತು. ಕೊಯ್ಯೂದು ಮಾತ್ರ ನಿನ್ನ ಕೈಯೇ."

ಸುಬ್ಬಿ ಅವಳನ್ನು ದುರುಗುಟ್ಟಿ ನೋಡಿದಳು. "ವಾದ ಮಾಡೂಕೆ ಎಲ್ಲಿ ಕಲ್ತ್ಯೇ, ಮಾರಾಯ್ತಿ?" ಎಂದು ನರ್ಸಬಾಯಿಯ ಕಡೆ ಕೈ ಚಾಚಿದಳು. "ಎಂತ ನೋಡ್ತ್ರಿ? ಸಾಬೂನು ಕೊಡಿ."

ಹೆಣ್ಣು ಕೂಸು ಹುಟ್ಟಿತು. ಕುದಿಸಿದ ದಾರದಿಂದ ಕಟ್ಟಿ, ಕುದಿಸಿದ ಬ್ಲೇಡಿನಿಂದ ಸುಬ್ಬಿಯೇ ಬಳ್ಳಿ ಕೊಯ್ದಳು. ಹೊಕ್ಕುಳಿಗೆ ಹಚ್ಚಲು ರೂಢಿಯಂತೆ ಅವಳ ಕೈ ಒಲೆಯ ಬೂದಿಯ ಕಡೆ ಹೋಯಿತು. ಮಂಜಿ ಆ ಕೈಯನ್ನು ಹಿಡಿದುಕೊಂಡಳು. ಏನೂ ಹಚ್ಚಲಿಲ್ಲ.

ಮುಂದಿನ ದಿನಗಳೇ ಕಷ್ಟದವು. ಕೂಸು ಆಕಳಿಸಿದರೂ ಮಂಜಿ ಓಡಿ ಬರುತ್ತಿದ್ದಳು. ಮೊಲೆಗೆ ಹಾಕಿದಾಗಲೆಲ್ಲ ಅದರ ದವಡೆಯನ್ನೇ ನೋಡುತ್ತ ಕೂರುತ್ತಿದ್ದಳು. ವಾರ ಕಳೆಯಿತು. ಹೊಕ್ಕುಳಬಳ್ಳಿಯ ತುಂಡು ಒಣಗಿ ಉದುರಿತು. ಕೂಸು ಚಪ್ಪರಿಸಿ ಚಪ್ಪರಿಸಿ ಹಾಲು ಕುಡಿಯಿತು. ಅಂದು ಮಂಜಿ ಹೊಟ್ಟೆ ತುಂಬ ಉಂಡಳು.

ಕೂಸನ್ನು ನೋಡಲು ಬಂದ ವನಮಾಲಾ ಸುಬ್ಬಿಯ ಪಕ್ಕದಲ್ಲಿ ಕೂತರು. "ಹೆರಿಗೆಯೆಲ್ಲ ಆಸ್ಪತ್ರೆಯಲ್ಲೇ ಆಗಬೇಕು ಅನ್ನುವವರಿದ್ದಾರೆ. ಸೂಲಗಿತ್ತಿಯರಿಗೇ ಕಲಿಸಿದರೆ ಸಾಕು ಅನ್ನುವವರೂ ಇದ್ದಾರೆ. ವಾದ ಮುಗಿಯುವ ತನಕ ಕೂಸುಗಳು ಕಾಯುವುದಿಲ್ಲ. ಹೊನ್ನಾವರದ ತರಬೇತಿಗೆ ಬನ್ನಿ."

"ಬರ್ತೆ. ಆದ್ರೆ ಹೆರೋಳ್ನ ನಿಲ್ಸೂದು ಹೆಂಗೆ ಅಂತ ಡಾಕ್ಟ್ರಿಗೆ ನಾನೇ ಕಲ್ಸೂದು!"

"ಕಲಿಸಿ. ಎಲ್ಲರಿಗಿಂತ ಮುಂದೆ ನಾನೇ ಕೂತಿರ್ತೇನೆ."

ಅಕ್ಕತಂಗಿಯರೇ, ಹೆರಿಗೆ ರೋಗವಲ್ಲ. ಸೂಲಗಿತ್ತಿಯ ತಾಳ್ಮೆ, ಸೊಂಟ ನೀವುವ ಅವಳ ಕೈ ನಮಗೆ ಬೇಕು. ಆದರೆ ಕೈಗೆ ಸಾಬೂನು ಬೇಕು, ಬ್ಲೇಡು ಮತ್ತು ದಾರ ಚೆನ್ನಾಗಿ ಕುದಿದಿರಬೇಕು. ಬೂದಿ, ಸಗಣಿ ಹೊಕ್ಕುಳಿನ ಹತ್ತಿರವೂ ಸುಳಿಯಬಾರದು. ರಕ್ತ ಹೆಚ್ಚು ಹೋದರೆ, ಫಿಟ್ಸ್ ಬಂದರೆ, ಕೂಸಿನ ಕೈಯೋ ಕಾಲೋ ಮೊದಲು ಕಂಡರೆ, ನೋವಿದ್ದೂ ಹೆರಿಗೆ ಮುಂದೆ ಸಾಗದಿದ್ದರೆ ಯಾರ ಅಪ್ಪಣೆಗೂ ಕಾಯದೆ ಆಸ್ಪತ್ರೆಗೆ ಹೊರಡಿ. ನಿಮ್ಮ ಮನೆಯಲ್ಲಿ ತುಂಬು ಬಸುರಿ ಇದ್ದರೆ ಇವತ್ತೇ ಸೂಲಗಿತ್ತಿಯನ್ನೂ ನರ್ಸಬಾಯಿಯನ್ನೂ ಒಂದೇ ಜಗಲಿಯಲ್ಲಿ ಕೂರಿಸಿ ಮಾತಾಡಿಸಿ. ನೋವು ಬಂದ ಮೇಲೆ ಜಗಳಕ್ಕೆ ಹೊತ್ತಿರುವುದಿಲ್ಲ.