ಅರ್ಧ ರೊಟ್ಟಿ

ಕೊಪ್ಪಳದ ಸ್ಕ್ಯಾನಿಂಗ್ ಕೋಣೆಯಲ್ಲಿ ಡಾಕ್ಟರಮ್ಮ ತೆರೆಯ ಮೇಲೆ ಬೆರಳಿಟ್ಟು ಬಿಡಿಸಿ ಹೇಳಿದರು. "ಕೂಸಿಗೆ ಎಲ್ಲಾ ಹೋಗೋದು ಈ ಮಾಸಿನಿಂದ, ಪ್ಲಾಸೆಂಟಾದಿಂದ ನೋಡ್ರಿ. ಅದು ತೆಳ್ಳಗೈತಿ, ರಕ್ತಾನೂ ಕಡಿಮಿ ಹರಿಯಾಕತ್ತೈತಿ. ಹಿಂಗಾದ್ರ ಕೂಸು ಭಾಳ ಸಣ್ಣದು ಹುಟ್ಟತೈತಿ. ಇವರು ಹೊಟ್ಟಿತುಂಬ ಉಣ್ಣಬೇಕು, ಆರಾಮ ಇರಬೇಕು, ಎರಡು ವಾರಕ್ಕ ಮತ್ತ ಬರಬೇಕು."

ಏಳು ತಿಂಗಳ ಬಸುರಿ ಶಿವಲೀಲಾ ಹೊಟ್ಟೆಯನ್ನು ಎರಡೂ ಕೈಯಿಂದ ಅವುಚಿಕೊಂಡಳು. ಪಕ್ಕದಲ್ಲಿದ್ದ ಅತ್ತೆ ಗಾಳೆಮ್ಮ ಮಾತ್ರ ಎರಡೂ ಕೈ ಎತ್ತಿ ಮುಗಿದಳು. "ಸಣ್ಣದಂತ? ನಿಮ್ಮ ಬಾಯಾಗ ಸಕ್ರಿ ಬೀಳ್ಲಿ, ಡಾಕ್ಟರ್ ಬಾಯಾರ!"

"ಖುಷಿಪಡೂ ಮಾತಲ್ರಿ ಇದು! ಕೂಸು ಉಳಿಯೋದ ಕಷ್ಟ ಆದೀತು," ಎಂದು ಡಾಕ್ಟರಮ್ಮ ರೇಗಿದರು. ಗಾಳೆಮ್ಮ ಹ್ಞೂಂ ಹ್ಞೂಂ ಎಂದು ತಲೆಯಾಡಿಸಿದಳು. ಈಕೆಗೆ ಒಂದಕ್ಷರವೂ ತಲೆಗೆ ಹೋಗಲಿಲ್ಲ ಎಂದುಕೊಂಡಳು ಶಿವಲೀಲಾ.

ಅಯ್ಯೋ, ಅತ್ತೆ ಕೆಟ್ಟವಳಾಗಿದ್ದರೆ ಎಷ್ಟು ಸುಲಭವಿತ್ತು! ಜಗಳಾಡಿ ಕುಷ್ಟಗಿಯ ತವರಿಗೆ ಹೋಗಿಬಿಡಬಹುದಿತ್ತು. ಗಾಳೆಮ್ಮನ ಒಬ್ಬಳೇ ಮಗಳು ದ್ರಾಕ್ಷಾಯಿಣಿ ಚೊಚ್ಚಲ ಹೆರಿಗೆಯಲ್ಲಿ ಸತ್ತಿದ್ದಳು. ಕೂಸು ದಪ್ಪವಿತ್ತು, ಸಿಕ್ಕಿಕೊಂಡಿತ್ತು. ಬಸುರಿ ಕಡಿಮೆ ಉಂಡರೆ ಕೂಸು ಸಣ್ಣದಾಗಿ ಸಲೀಸಾಗಿ ಹೊರಗೆ ಬರುತ್ತದೆ ಎಂದು ಓಣಿಯ ಮುದುಕಿಯರು ಹೇಳುವುದನ್ನು ಆಕೆ ಅಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಸೊಸೆಗೆ ಐದು ತಿಂಗಳು ತುಂಬಿದ್ದೇ ತಡ, ಊಟ ಅರ್ಧ ರೊಟ್ಟಿಗೆ ಇಳಿಯಿತು. ಶೇಂಗಾ, ತುಪ್ಪ ಕಪಾಟು ಸೇರಿ ಕೀಲಿ ಬಿತ್ತು. ಗಂಡ ಕೊಟ್ರೇಶನಿಗೆ ಹೇಳಿದರೆ, "ಅವ್ವಗ ಗೊತ್ತಿರತೈತಿ ಬಿಡು," ಎಂದು ಜಾರಿಕೊಂಡ. ಮಹಾರಾಯ, ಹೊಟ್ಟೆ ಹಸಿಯುವುದು ಅವನಿಗಲ್ಲವಲ್ಲ!

ಯಲಬುರ್ಗಾ ಬಸ್ಸಿನಲ್ಲಿ ಗಾಳೆಮ್ಮ ಗುದ್ದಾಡಿ ಕಿಟಕಿ ಬದಿಯ ಸೀಟು ಹಿಡಿದುಕೊಟ್ಟಳು. ಸೊಸೆಗೆ ಬಿಸಿಲು ತಾಗದಂತೆ ಊರು ಬರುವವರೆಗೂ ಸೆರಗು ಅಡ್ಡ ಹಿಡಿದು ಕುಳಿತಳು. ಹಸಿವಿಗೆ ಶಿವಲೀಲಾಳಿಗೆ ಕಣ್ಣು ಕತ್ತಲೆ ಬಂದಿತ್ತು.

ಮನೆಗೆ ಬಂದರೆ ಗಂಗಾಳದಲ್ಲಿ ಮತ್ತೆ ಅದೇ ಅರ್ಧ ರೊಟ್ಟಿ. ಶಿವಲೀಲಾ ಗಂಗಾಳವನ್ನು ಆಚೆ ಸರಿಸಿದಳು.

"ಅತ್ತಿ, ಡಾಕ್ಟರಮ್ಮ ಹೇಳಿದ್ದು ನಿಮಗ ತಿಳೀಲಿಲ್ಲೇನ್ರಿ? ಹಿಂಗಾದ್ರ ನನ್ನ ಕೂಸು ಉಳಿಯಂಗಿಲ್ಲ."

"ತಿಳೀತವ್ವಾ." ಗಾಳೆಮ್ಮ ಕಣ್ಣಿಗೆ ಸೆರಗು ಒತ್ತಿದಳು. "ಎಲ್ಲಾ ತಿಳೀತು. ಕೂಸು ಇನ್ನೊಂದು ಆಗತೈತಿ. ಮಗಳಂಗ ನೀನೂ ಹ್ವಾದ್ರ ಎಲ್ಲಿಂದ ತರ್ಲಿ?"

ಬೈಯಲು ಶಿವಲೀಲಾ ಬಾಯಿ ತೆರೆದಳು. ಅತ್ತೆ ಅಳುತ್ತಲೇ ರೊಟ್ಟಿ ಮುರಿದು, ಪಲ್ಯ ಹಚ್ಚಿ, ತುತ್ತನ್ನು ಅವಳ ಬಾಯಿಗೆ ಹಿಡಿದಳು. ಹೊಟ್ಟೆಯೊಳಗೆ ಕೂಸು ಮೆಲ್ಲಗೆ ಒದೆಯಿತು. ಶಿವಲೀಲಾ ತುತ್ತು ನುಂಗಿ, ಅತ್ತೆಯ ಸೊಂಟದಲ್ಲಿ ತೂಗುತ್ತಿದ್ದ ಕಪಾಟಿನ ಕೀಲಿಯನ್ನೇ ನೋಡುತ್ತ ಕುಳಿತಳು.