ಗಾವಾದ ಹೆಂಗಸರು ಪಟ್ಟಣದ ನೀರಿಗಿಳಿದದ್ದು

ಗಾವಾ ದ್ವೀಪದಿಂದ ರಾಜಧಾನಿ ಪೋರ್ಟ್ ವಿಲಾಕ್ಕೆ ಹಡಗಿನಲ್ಲಿ ಮೂರು ದಿನ. ಮೂರು ದಿನವೂ ಹಿಲ್ಡಾ ವಾಂತಿ ಮಾಡಿಕೊಂಡೇ ಬಂದಳು. ಜೊತೆಗೆ ಇನ್ನೂ ಆರು ಮಂದಿ ಹೆಂಗಸರಿದ್ದರು. ಸೊಂಟದುದ್ದ ನೀರಲ್ಲಿ ನಿಂತು, ಅಂಗೈಯಿಂದ ನೀರನ್ನು ಬಡಿದು, ಮೊಗೆದು, ಸೀಳಿ ತಾಳ ಎಬ್ಬಿಸುವವರು ಅವರು. ತಾಯಂದಿರಿಂದ ಬಂದ ವಿದ್ಯೆ. "ರಾಜಧಾನಿಯವರು ನೋಡಬೇಕಂತಿದ್ದಾರೆ, ಬನ್ನಿ" ಎಂದು ಹೇಳಿಕಳಿಸಿದವನು ಹಿಲ್ಡಾಳ ತಂಗಿಯ ಮಗ ಕ್ಲೆಮೆಂಟ್. ಅವನಿಗೆ ಅಲ್ಲಿನ ಒಂದು ದೊಡ್ಡ ಹೋಟೆಲಿನಲ್ಲಿ ಕೆಲಸ.

ಅವನು ಅವರನ್ನು ನೇರವಾಗಿ ಹೋಟೆಲಿನ ಈಜುಕೊಳದ ದಂಡೆಗೆ ತಂದು ನಿಲ್ಲಿಸಿದ.

"ಇಲ್ಲೇ ಇಳೀಬೇಕು ದೊಡ್ಡಮ್ಮ."

"ಇದರೊಳಗಾ? ಸಮುದ್ರ ಅಲ್ಲೇ ಇದೆಯಲ್ಲೋ, ಹತ್ತು ಹೆಜ್ಜೆಗೆ!"

"ಆ ದಡಕ್ಕೆ ಅತಿಥಿಗಳನ್ನ ಬಿಟ್ಟು ಯಾರನ್ನೂ ಬಿಡಲ್ಲ. ಆಮೇಲೆ... ಸೊಪ್ಪಿನ ಲಂಗ ಬೇಡ. ಎಲೆ ಉದುರಿ ಕೊಳವೆ ಕಟ್ಟಿಕೊಳ್ಳುತ್ತೆ. ಇವನ್ನ ಉಟ್ಕೊಳ್ಳಿ."

ಅವನ ಕೈಯಲ್ಲಿದ್ದದ್ದು ಹಸಿರು ಪ್ಲಾಸ್ಟಿಕ್ಕಿನ ಲಂಗಗಳು. ಆರು ಮಂದಿಯಲ್ಲಿ ಒಬ್ಬಳಾದ ಸೆಲಿನಾ ಬಗ್ಗಿ ಕೊಳವನ್ನು ಮೂಸಿದಳು. "ಥೂ! ಹಂದಿ ತೊಳೆಯೋಕೂ ನಾವು ಇಷ್ಟು ಔಷಧಿ ಸುರಿಯಲ್ಲ ಕಣೇ."

ಹಿಲ್ಡಾಳಿಗೆ ಮೈಯೆಲ್ಲ ಉರಿಯಿತು. ಆದರೂ ತಂಗಿಯ ಮಗ, ಅವನ ಮುಖ ನೋಡಿ ಪ್ಲಾಸ್ಟಿಕ್ ಲಂಗ ಉಟ್ಟು ಇಳಿದಳು; ಉಳಿದವರೂ ಇಳಿದರು. ಮೊದಲ ಏಟಿಗೇ ಗೊತ್ತಾಯಿತು. ನೀರಿಗೆ ಉಸಿರೇ ಇರಲಿಲ್ಲ. ಸದ್ದು ನಾಲ್ಕು ಗೋಡೆಗೆ ಬಡಿದು ತಗಡಿನ ಹಾಗೆ ಲಟಲಟನೆ ವಾಪಸು ಬಂತು. ಕುರ್ಚಿಯಲ್ಲಿ ಒರಗಿದ್ದ ಬಿಳಿಯನೊಬ್ಬ ಕಾಲು ಚಾಚಿ ತಾನೂ ನೀರನ್ನು ಪಟಪಟ ಬಡಿದ. ಸುತ್ತಲಿದ್ದವರು ನಕ್ಕರು. ಅವರ ಜೊತೆ ಕ್ಲೆಮೆಂಟೂ ನಕ್ಕ.

ಹಿಲ್ಡಾ ಮೇಲೆ ಬಂದಳು. ಪ್ಲಾಸ್ಟಿಕ್ ಲಂಗ ಕಳಚಿ ಅವನ ಕಾಲ ಬಳಿ ಎಸೆದಳು.

"ನಕ್ಕೆಯಲ್ಲೋ! ನಿಮ್ಮಮ್ಮನ ಕೈಯ ತಾಳ ಅದು. ಅದಕ್ಕೆ ನಕ್ಕೆಯಲ್ಲೋ!"

"ಮೆಲ್ಲಗೆ ದೊಡ್ಡಮ್ಮ, ಎಲ್ಲರೂ ನೋಡ್ತಿದ್ದಾರೆ. ನನ್ನ ಕೆಲಸ ಹೋಗುತ್ತೆ."

"ನೋಡಲಿ! ನೋಡೋಕೆ ತಾನೇ ಕರೆಸಿದ್ದು?"

ಏಳೂ ಹೆಂಗಸರು ಸೊಪ್ಪಿನ ಲಂಗ ಉಟ್ಟು, ನೀರು ತೊಟ್ಟಿಕ್ಕಿಸುತ್ತ ಹೆದ್ದಾರಿ ಹಿಡಿದು ನಡೆದರು. ಬಸ್ಸುಗಳು ನಿಧಾನವಾದವು. ಸಂತೆಕಟ್ಟೆಯ ಹಿಂದೆ, ತಡೆಗೋಡೆಯ ಕೆಳಗೆ ಸಮುದ್ರವಿತ್ತು. ಅಲ್ಲಿ ನೀರಿನ ಮೇಲೆ ಬಾಟಲಿ, ಚೀಲ, ಮಕ್ಕಳ ಕೊಳಕು ಬಟ್ಟೆ ತೇಲುತ್ತಿದ್ದವು. ಸೆಲಿನಾ ಹಿಂದೆ ಸರಿದಳು.

"ಇದಕ್ಕಿಂತ ಆ ಔಷಧಿ ನೀರೇ ವಾಸಿ!"

"ಸರಿಸೇ ಅತ್ತ!" ಎಂದು ಗದರಿದ ಹಿಲ್ಡಾ ಎರಡೂ ತೋಳಿನಿಂದ ಕಸ ತಳ್ಳಿಕೊಂಡು ನೀರಿಗಿಳಿದಳು. ಹೋಟೆಲಿನವರ ಮೇಲಿದ್ದ ಕೋಪ, ಕ್ಲೆಮೆಂಟನ ಮೇಲಿದ್ದ ಕೋಪ, ಈ ಹೊಲಸು ಮಾಡಿದ ಊರಿನ ಮೇಲಿನ ಕೋಪ, ಎಲ್ಲ ಸೇರಿ ಅಂಗೈಗೆ ಬಂತು. ಬಡಿದಳು. ಉಳಿದವರು ಕೂಡಿಕೊಂಡರು. ತಾಳ ಗುಡುಗಿನಂತೆ ಎದ್ದು ತಡೆಗೋಡೆಯನ್ನು ಅದುರಿಸಿತು. ಗೆಣಸು ಮಾರುತ್ತಿದ್ದ ಹೆಂಗಸರು ಅಂಗಡಿ ಬಿಟ್ಟು ಓಡಿ ಬಂದರು. ಗಾವಾ ಕಡೆಯ ಬ್ಯಾಂಕ್ಸ್ ದ್ವೀಪಗಳಿಂದ ಎಂದೋ ಬಂದು ನೆಲೆಸಿದ್ದ ಮುದುಕಿಯೊಬ್ಬಳು ಗೋಡೆಗೆ ಆತುಕೊಂಡು ಬಿಕ್ಕಿದಳು.

ಹಡಗು ಹೊರಡುವವರೆಗೆ ಆರು ದಿನ ಆ ಹೆಂಗಸರೇ ಇವರನ್ನು ಸಂತೆಕಟ್ಟೆಯಲ್ಲಿ ಚಾಪೆ ಹಾಸಿ ಮಲಗಿಸಿಕೊಂಡರು, ಗೆಣಸು ತುರಿದು ಎಲೆಯಲ್ಲಿ ಸುತ್ತಿ ಲಪ್‌ಲಪ್ ಬೇಯಿಸಿ ಉಣ್ಣಿಸಿದರು. ಕ್ಲೆಮೆಂಟ್ ಒಂದು ದಿನವೂ ಆ ಕಡೆ ತಲೆಹಾಕಲಿಲ್ಲ.

ಕೊನೆಯ ದಿನ ಮಾತ್ರ ಬ್ರೆಡ್ಡಿನ ಚೀಲ ಹಿಡಿದು ಬಂದರಿಗೆ ಬಂದ.

"ಅಮ್ಮನಿಗೆ ಏನಂತ ಹೇಳ್ತೀಯಾ ದೊಡ್ಡಮ್ಮ?"

"ನೀನು ನಕ್ಕಿದ್ದನ್ನ ಹೇಳ್ತೀನಿ."

"ಅದೊಂದು ಬೇಡ... ಕಾಲಿಗೆ ಬೀಳ್ತೀನಿ."

"ಅವಳು ಕೇಳ್ತಾಳೆ. ನಾನು ಸುಳ್ಳು ಹೇಳಲ್ಲ."

ಬ್ರೆಡ್ಡನ್ನು ಸೆಲಿನಾ ತೆಗೆದುಕೊಂಡಳು. ಹಿಲ್ಡಾ ಅವನ ತಲೆ ಸವರಲಿಲ್ಲ. ಹಲಗೆ ಹತ್ತಿ ಹಡಗಿನೊಳಕ್ಕೆ ಹೋದಳು.