ಅಜ್ಜಿ ಇನ್ನೂ ಬಾಗಿಲಲ್ಲೇ ಇದ್ದಾಳೆ

ಹೂಚಕ್ರ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಆಚೆಯಿಂದ ಕಂಪನಿಯ ಡ್ರೈವರ್ ತಳ್ಳುತ್ತಿದ್ದ, ಈಚೆಯಿಂದ ತೀರಿಕೊಂಡವನ ಬಾಮೈದ ಎಳೆಯುತ್ತಿದ್ದ. ಇದ್ದದ್ದೇ ಎರಡು ಕೋಣೆಯ ಮನೆ. ಅದಕ್ಕೆ ಇಷ್ಟು ದೊಡ್ಡ ಚಕ್ರ ಹೊರಿಸಿ ಕಳಿಸಿದ ಪುಣ್ಯಾತ್ಮ ಯಾರೋ. ಅಂತೂ ಒಂದು ಹಿಡಿ ಹೂವು ಉದುರಿಸಿಕೊಂಡು ಒಳಗೆ ಬಂತು. ನಟ್ಟನಡುವೆ ಒಂದು ಚಿತ್ರ. ಸತ್ತವನದ್ದಲ್ಲ. ಕಂಪನಿಗೆ ಹೆಸರು ತಂದ ವಿಡಿಯೋ ಗೇಮಿನ ನಾಯಕನದ್ದು, ಮನುಷ್ಯನಾಗಬೇಕೆಂದು ಊರೂರು ಅಲೆಯುವ ತಗಡಿನ ಆಳು.

ಹೆಣದ ಪೆಟ್ಟಿಗೆಯ ಪಕ್ಕ ಕೂತಿದ್ದ ಹೆಂಡತಿ ಅದನ್ನೇ ನೋಡಿದಳು. ಪೆಟ್ಟಿಗೆಯ ಮೇಲಿಟ್ಟಿದ್ದ ಗಂಡನ ಫೋಟೋ ಅಂಗೈಯಗಲ, ತಗಡಿನವನ ಮುಖ ಊಟದ ತಟ್ಟೆಯಗಲ.

"ಅದನ್ನ ಹೊರಗಿಡು," ಎಂದಳು ತಮ್ಮನಿಗೆ.

"ಈಗ ತಾನೇ ಕಷ್ಟಪಟ್ಟು ತಂದಿದೀವಲ್ಲಕ್ಕ."

"ಹೊರಗಿಡು ಅಂದೆ."

ಅಷ್ಟರಲ್ಲಿ ಮ್ಯಾನೇಜರ್ ಬಂದ. ಯಾರೂ ಕೇಳದಿದ್ದರೂ ಪೆಟ್ಟಿಗೆಯ ತಲೆಯ ಕಡೆ ನಿಂತು ಗಂಟಲು ಸರಿಮಾಡಿಕೊಂಡ. "ನಮ್ಮ ಕೊಕ್ಕೆ" ಎಂದೇ ಶುರುಮಾಡಿದ. ಅದು ಆಫೀಸಿನಲ್ಲಿ ಸತ್ತವನಿಗೆ ಇಟ್ಟ ಅಡ್ಡಹೆಸರು. ಗೇಮು ಮಾರುಕಟ್ಟೆಗೆ ಹೋಗುವ ಮೊದಲು ಬೆಳಿಗ್ಗೆಯಿಂದ ಸಂಜೆಯವರೆಗೂ ಅದನ್ನು ಆಡಿ, ಎಲ್ಲೆಲ್ಲಿ ಏನು ಕೆಟ್ಟಿದೆಯೆಂದು ಬರೆದುಕೊಡುವುದು ಅವನ ಕೆಲಸವಾಗಿತ್ತು. ಕೊಕ್ಕೆ ತೆಗೆಯುವುದಕ್ಕೇ ಸಂಬಳ ಎಂದು ನಗುತ್ತಿದ್ದರು. ಅವನು ತಮ್ಮ ಮನೆಯವನಿದ್ದಂತೆ ಎಂದ ಮ್ಯಾನೇಜರ್. ಅಲ್ಲಿಂದ ಮಾತು ಮೆಲ್ಲಗೆ ಗೇಮಿನತ್ತ ಜಾರಿತು. ತಗಡಿನವನು ತನ್ನನ್ನು ಸಾಕಿದ ಅಜ್ಜಿಯ ಮನೆ ಬಿಟ್ಟು ಹೊರಡುವಾಗ ರಸ್ತೆಯ ಕೊನೆಯಲ್ಲಿ ಒಮ್ಮೆ ತಿರುಗಿ ನೋಡುತ್ತಾನಲ್ಲ, ಆ ಒಂದು ನೋಟಕ್ಕೆ ಎಷ್ಟು ಜನ ಅತ್ತರು, ಎಷ್ಟು ಪ್ರಶಸ್ತಿ ಬಂತು. ಒಂದು ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುವಾಗ ಅದು ತನಗೆ ಹೊಳೆಯಿತು ಎಂದು ಹೇಳಿ ನಾಚಿಕೊಂಡವನಂತೆ ನಕ್ಕ. ಹೆಣದ ಮುಂದೆ ನಿಂತು.

ಹೆಂಡತಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

* * *

ಒಂಬತ್ತು ವರ್ಷದ ಹಿಂದಿನ ಮಾತು, ಗೇಮು ಇನ್ನೂ ತಯಾರಾಗುತ್ತಿದ್ದ ಕಾಲ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಮೆಷಿನ್ನು ಕಿಟಕಿಗೆ ಅಂಟಿಕೊಂಡಿತ್ತು. ಗಂಡ ಹೊರಟಾಗ ಬಾಗಿಲವರೆಗೂ ಬಂದು ನಿಲ್ಲುವಳು. ಔಷಧಿ ಅಂಗಡಿಯ ಮೂಲೆಯವರೆಗೂ ಅವನ ಬೆನ್ನು ಕಾಣುತ್ತಿತ್ತು. ತಲೆ ತಗ್ಗಿಸಿಕೊಂಡು ಹೋದವನು ಹೋದನೇ. ಮದುವೆಯಾದ ಲಾಗಾಯ್ತು ಇದೇ ಕತೆ. ಒಂದು ಸಂಜೆ ಅವಳ ತಾಳ್ಮೆಯ ಕಟ್ಟೆಯೊಡೆಯಿತು.

"ಬಾಗಿಲಲ್ಲಿ ಒಬ್ಬಳು ನಿಂತಿರ್ತಾಳೆ ಅಂತ ಗೊತ್ತಾಗಲ್ವೇನ್ರೀ? ನಿಮಗೂ ನಿಮ್ಮ ಗೇಮಿನ ಆ ತಗಡಿಗೂ ಏನು ವ್ಯತ್ಯಾಸ?"

ಅವನು ಉಂಡು ಮಲಗಿದ. ಮರುದಿನ ಮೂಲೆ ತಲುಪಿ ನಿಂತ. ತಿರುಗಿದ. ಕೆಲಸದಲ್ಲಿ ಏನನ್ನೋ ಪರೀಕ್ಷಿಸುವವನಂತೆ ಅವಳನ್ನು ಪೂರ್ತಿ ನೋಡಿ, ಒಮ್ಮೆ ತಲೆಯಾಡಿಸಿ ಹೋದ. ಅವಳಿಗೆ ನಗು ತಡೆಯಲಾಗಲಿಲ್ಲ.

ಅವತ್ತೇ ಆಫೀಸಿನಲ್ಲಿ ಬರೆದ: "ತೊಂದರೆ: ನಾಯಕ ಹೊರಡುವಾಗ ತಿರುಗಿ ನೋಡುವುದಿಲ್ಲ. ಕಾರಣ: ಅಜ್ಜಿ ಇನ್ನೂ ಬಾಗಿಲಲ್ಲೇ ಇದ್ದಾಳೆ." ಮ್ಯಾನೇಜರ್ ಅದರ ಕೆಳಗೆ "ತೊಂದರೆಯಲ್ಲ. ಮುಚ್ಚಲಾಗಿದೆ" ಎಂದು ಹಾಕಿದ. ತಿರುಗದಿದ್ದರೆ ಗೇಮೇನೂ ನಿಲ್ಲುವುದಿಲ್ಲ, ಇದ್ಯಾವ ಸೀಮೆಯ ತೊಂದರೆ ಎಂದು ಎಲ್ಲರೂ ಆಡಿಕೊಂಡರು. ಆದರೆ ಸರಿಯಾಗದ್ದನ್ನು ಪರೀಕ್ಷಕ ಮತ್ತೆ ತೆರೆಯಬಹುದೆಂದು ನಿಯಮವಿತ್ತು. ಅವನು ತೆರೆದ. ಮ್ಯಾನೇಜರ್ ಮುಚ್ಚಿದ. ಹೀಗೆ ಹತ್ತೊಂಬತ್ತು ಸಲ, ಪ್ರತಿ ಸಲವೂ ಅದೇ ಕಾರಣ. ಕೊನೆಗೆ ಪರದೆಯ ಮೇಲೆ ಗೊಂಬೆಗಳನ್ನು ನಡೆಸುವ ಹುಡುಗಿ ಬೇಸತ್ತು, ಒಂದು ದಿನ ಊಟ ಬಿಟ್ಟು ಕೂತು ತಗಡಿನವನ ಕತ್ತು ತಿರುಗಿಸಿದಳು.

ಗೇಮಿನ ಕೊನೆಯಲ್ಲಿ ಓಡುವ ಹೆಸರುಗಳ ಪಟ್ಟಿಯಲ್ಲಿ ಮ್ಯಾನೇಜರನ ಬೆಕ್ಕಿನ ಹೆಸರಿತ್ತು. ಗಂಡನದ್ದಿರಲಿಲ್ಲ. ಹೆಂಡತಿ ಕೂಗಾಡಿದಳು. "ತಿರುಗ್ತಾನಲ್ಲ, ಬಿಡೇ," ಎಂದ ಅವನು. ಅವಳು ಬಿಟ್ಟಿರಲಿಲ್ಲ.

* * *

"ಸಾರ್," ಎಂದು ಎದ್ದು ನಿಂತಳು. "ಗಡ್ಡ ಕೆರ್ಕೊಳ್ಳೋವಾಗ ಹೊಳೆದಿದ್ದನ್ನ ಹತ್ತೊಂಬತ್ತು ಸಲ ಯಾಕೆ ಮುಚ್ಚಿದ್ರಿ?"

ಎಲ್ಲ ತಂಡದ ಕೆಲಸ, ನೀವು ದುಃಖದಲ್ಲಿದ್ದೀರಿ, ಇದು ಅಂಥ ಮಾತಿಗೆ ಹೊತ್ತಲ್ಲ ಎಂದು ಮ್ಯಾನೇಜರ್ ಸಮಾಧಾನ ಹೇಳಲು ಬಂದ.

"ಯಾರು ಬರೆದದ್ದು ಅಂತ ಇವರೆಲ್ಲರ ಮುಂದೆ ಒಂದು ಮಾತು ಹೇಳಿ. ನಮ್ಮ ಯಜಮಾನ್ರು ಮನೆ ಬಿಡೋದರೊಳಗೆ. ಇನ್ನೇನೂ ಬೇಡ ನನಗೆ."

ಮ್ಯಾನೇಜರ್ ಗಡಿಯಾರ ನೋಡಿಕೊಂಡ. ಗೋಡೆಗೊರಗಿ ನಿಂತಿದ್ದ ಹೆಂಗಸೊಬ್ಬಳು ಮುಂದೆ ಬಂದಳು. ಹನ್ನೊಂದು ವರ್ಷ ಸತ್ತವನ ಪಕ್ಕದ ಕುರ್ಚಿಯಲ್ಲಿ ಅದೇ ಕೆಲಸ ಮಾಡಿದವಳು. ಫೋನಿನಲ್ಲಿ ಆಫೀಸಿನ ಆ ಹಳೆಯ ದಾಖಲೆ ತೆಗೆದು ತಾರೀಖು ಸಮೇತ ಓದತೊಡಗಿದಳು. "ಅಜ್ಜಿ ಇನ್ನೂ ಬಾಗಿಲಲ್ಲೇ ಇದ್ದಾಳೆ. ಮುಚ್ಚಲಾಗಿದೆ." ಐದನೆಯದಕ್ಕೆ ಬರುವಾಗ ಮ್ಯಾನೇಜರ್ ಯಾರದೋ ಕರೆ ಬಂದವನಂತೆ ಹೊರಗೆ ನಡೆದು ಕಾರಿನಲ್ಲಿ ಕೂತ. ಅವಳು ಹತ್ತೊಂಬತ್ತನ್ನೂ ಓದಿ ಮುಗಿಸಿದಳು.

ಹೆಂಡತಿ ಅವಳ ಕೈ ಹಿಡಿದುಕೊಂಡಳು. "ಅವನ ಬಾಯಲ್ಲಿ ಬರಲೇ ಇಲ್ಲ ನೋಡಮ್ಮ. ನನಗೂ ಏನು ಮಾತಾಡೋ ಮುಖ ಇದೆ? ಮೊನ್ನೆನೂ ಇವರು ದಿನದ ಹಾಗೆ ಮೂಲೇಲಿ ತಿರುಗಿರ್ತಾರೆ. ನಾನು ಬಾಗಿಲಿಗೂ ಬರದೆ, ಅರ್ಜೆಂಟ್ ಬಟ್ಟೆ ಅಂತ ಸೂಜಿಗೆ ದಾರ ಪೋಣಿಸ್ತಾ ಕೂತಿದ್ದೆ. ಮಧ್ಯಾಹ್ನಕ್ಕೆ ಆಫೀಸಿನ ಕುರ್ಚಿಯಲ್ಲೇ ಹೋದರು ಅಂತ ಫೋನ್ ಬಂತು."

ಪೆಟ್ಟಿಗೆ ಎತ್ತುವಾಗ ಅವಳು ತಮ್ಮನ ತೋಳು ಹಿಡಿದು ಏನೋ ಹೇಳಿದಳು. ಅವನು ಅಕ್ಕನ ಮುಖ ನೋಡಿದ, ಆಗಲಿ ಎಂದ.

ಹೊತ್ತವರು ನಾಲ್ವರು. ಹಿಂದೆಯೇ ಮ್ಯಾನೇಜರನ ಕಾರು ತೆವಳುತ್ತಿತ್ತು. ಔಷಧಿ ಅಂಗಡಿಯ ಮೂಲೆಯಲ್ಲಿ ಪೆಟ್ಟಿಗೆ ನಿಂತಿತು. ತಿರುಗಿಸಲು ಜಾಗ ಸಾಲದು. ಬಾಮೈದ ಕೈ ಬೀಸಿ ಕಾರಿಗೆ ಹಿಂದಕ್ಕೆ ಹೋಗು ಎಂದ. ಕಾರು ಹಾರನ್ ಹೊಡೆಯಿತು. ಅವನು ಕದಲಲಿಲ್ಲ. ಕೊನೆಗೆ ಅದು ಮನೆಯ ಬಾಗಿಲು ದಾಟುವವರೆಗೂ ಹಿಂದೆ ಸರಿಯಿತು.

ನಾಲ್ವರೂ ಸಣ್ಣ ಸಣ್ಣ ಹೆಜ್ಜೆಯಿಟ್ಟು, ಒಬ್ಬರ ಕಾಲು ಒಬ್ಬರು ತುಳಿಯುತ್ತ, ಪೆಟ್ಟಿಗೆಯನ್ನು ಪೂರ್ತಿ ಮನೆಯ ಕಡೆ ತಿರುಗಿಸಿ ಹಿಡಿದರು. ಬಾಗಿಲಲ್ಲಿ ಅವಳು ನಿಂತಿದ್ದಳು, ನೆಟ್ಟ ಕಣ್ಣು ತೆಗೆಯದೆ.